ಇಳಿಯುವುದು ಮೊದಲು, ಏರುವುದು ಕೊನೆಗೆ: ಹಲೆಯಾಕಲಾ ಕಣಿವೆ ಚಾರಣ, ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿಯ ಪ್ರಶ್ನೆಗಳೆಲ್ಲ ಹವಾಯಿಯ ಮಾವಿ ದ್ವೀಪದ ಹಲೆಯಾಕಲಾ ಜ್ವಾಲಾಮುಖಿಯನ್ನು ಕುರಿತವು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಮಾವಿಗೆ ಐದೂವರೆ ಗಂಟೆಯೊಳಗಿನ ನೇರ ವಿಮಾನವಿರುವುದರಿಂದ ಅಲ್ಲಿನ ಕನ್ನಡಿಗರಿಗೆ ಅದು ಹತ್ತಿರದ ರಜೆಯ ಊರು. ಕಾರಿನಲ್ಲಿ ತುದಿಗೆ ಹೋಗಿ ಸೂರ್ಯೋದಯ ನೋಡಿ ಮರಳುವವರೇ ಹೆಚ್ಚು. ತುದಿಯಿಂದ ಕೆಳಗೆ ಕಾಣುವ ಕೆಂಪು, ಕಪ್ಪು ಬಣ್ಣದ ಕಣಿವೆಗೆ ನಡೆದು ಇಳಿಯಬೇಕು ಎನ್ನುವವರಿಗಾಗಿ ಈ ಪುಟಗಳು.

ಪ್ರಶ್ನೆ: ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದವರಿಗೆ ಇದು ಕಷ್ಟವಾಗುತ್ತದೆಯೇ? (ಫ್ರೀಮಾಂಟ್)

ಏರಿನ ಲೆಕ್ಕವಷ್ಟನ್ನೇ ಹಿಡಿದರೆ ಕುಮಾರ ಪರ್ವತವೇ ಹೆಚ್ಚು ಕಷ್ಟ. ಕುಕ್ಕೆಯಿಂದ ತುದಿಗೆ ಸುಮಾರು ಒಂದೂವರೆ ಸಾವಿರ ಮೀಟರ್ ಏರಬೇಕು. ಇಲ್ಲಿ ಸಾಮಾನ್ಯವಾಗಿ ಆರಿಸಿಕೊಳ್ಳುವ ದಾರಿಯಲ್ಲಿ ಕೊನೆಯ ದೊಡ್ಡ ಏರು 425 ಮೀಟರ್ ಮಾತ್ರ. ಆದರೂ ನಮ್ಮ ಪಶ್ಚಿಮ ಘಟ್ಟದಲ್ಲಿ ಪಳಗಿದವರು ಇಲ್ಲಿ ಎಡವುವುದುಂಟು. ಘಟ್ಟದಲ್ಲಿ ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ ಏರುತ್ತೇವೆ. ಸುಸ್ತಾಯಿತೆಂದರೆ ಎಲ್ಲಿಂದ ಬೇಕಾದರೂ ತಿರುಗಿ ಇಳಿಯಬಹುದು. ಹಲೆಯಾಕಲಾದಲ್ಲಿ ದಿನ ಶುರುವಾಗುವುದೇ ಇಳಿಜಾರಿನಿಂದ. ಸುಸ್ತಾದದ್ದು ಗೊತ್ತಾಗುವ ಹೊತ್ತಿಗೆ ಇರುವುದು ತಳದಲ್ಲಿ, ಮನೆಗೆ ಹೋಗುವ ದಾರಿ ಮೇಲೆ.

ಎತ್ತರವೂ ಬೇರೆ. ಚಾರಣ ಶುರುವಾಗುವ ಜಾಗ 2,969 ಮೀಟರ್. ಕಣಿವೆಯಲ್ಲಿ ನೀವು ಮುಟ್ಟುವ ಅತಿ ತಗ್ಗಿನ ಜಾಗವೇ ಸುಮಾರು 2,010 ಮೀಟರ್. ಅಂದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ (1,930 ಮೀಟರ್) ಇಲ್ಲಿನ ತಳವೇ ಮೇಲಿದೆ. ಗಾಳಿ ತೆಳು, ನೆರಳಿಲ್ಲ, ತೊರೆಯಿಲ್ಲ. ಕುಮಾರ ಪರ್ವತದ ದಾರಿಯ ಗಿರಿಗದ್ದೆಯಲ್ಲಿ ಸಿಗುವ ಊಟದಂಥದ್ದು ಇಲ್ಲಿ ಏನೂ ಇಲ್ಲ.

ಪ್ರಶ್ನೆ: ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತಿಳಿಸಿ. ನಕಾಶೆಯಲ್ಲಿ ಹೆಸರುಗಳೇ ಬಾಯಿಗೆ ಬರುತ್ತಿಲ್ಲ. (ಬೆಂಗಳೂರು)

ಎರಡು ಹೆಸರು ನೆನಪಿಟ್ಟರೆ ಸಾಕು. ಇಳಿಯುವ ದಾರಿ ಸ್ಲೈಡಿಂಗ್ ಸ್ಯಾಂಡ್ಸ್. ಫಲಕಗಳಲ್ಲಿ ಅದರ ಹವಾಯಿ ಹೆಸರು ಕೆಯೊನೆಹೆಎಹೆಎ ಎಂದಿರುತ್ತದೆ. ಏರುವ ದಾರಿ ಹಲೆಮಾವೂ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿದರೆ ಒಟ್ಟು 11.2 ಮೈಲಿ, ಅಂದರೆ 18 ಕಿಲೋಮೀಟರ್.

ಸ್ಲೈಡಿಂಗ್ ಸ್ಯಾಂಡ್ಸ್ ಶುರುವಾಗುವುದು ತುದಿಯ ಸಮೀಪದ ಸಂದರ್ಶಕರ ಕೇಂದ್ರದ ಪಾರ್ಕಿಂಗ್ ಜಾಗದಿಂದ. ಮೊದಲ ಕಾಲು ಮೈಲಿಯಲ್ಲೇ ಇಡೀ ಕಣಿವೆ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಆಮೇಲೆ ಪುಡಿಪುಡಿ ಸಿಂಡರ್ (ಜ್ವಾಲಾಮುಖಿ ಉಗುಳಿದ ಹಗುರ ಕಲ್ಲುಪುಡಿ) ಮೇಲೆ ಉದ್ದುದ್ದ ತಿರುವುಗಳಲ್ಲಿ ಇಳಿತ. ಸುಮಾರು 2 ಮೈಲಿ ಕಳೆದ ಮೇಲೆ ಎಡಕ್ಕೆ ಒಂದು ಕವಲು ಬರುತ್ತದೆ. ಅದು ಕಾ ಲುಉ ಒ ಕಾ ಓಓ ಎಂಬ ಬೂದಿಗುಡ್ಡದ ಅಂಚಿಗೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ದಾಟುವವರು ಆ ಕವಲನ್ನು ಬಿಟ್ಟು ಮುಂದೆ ಇಳಿಯಬೇಕು. 3.9 ಮೈಲಿಗೆ ಕಣಿವೆಯ ತಳದ ಮೊದಲ ಕೂಡುದಾರಿ.

ಇಲ್ಲಿ ಎಚ್ಚರ ಬೇಕು. ನೇರ ಹೋದರೆ ಕಪಲಾಓವಾ ಕ್ಯಾಬಿನ್ (ತಂಗುಮನೆ), ಅದರಾಚೆಗೆ ಕಣಿವೆಯ ಪೂರ್ವದ ಕೊನೆಯಲ್ಲಿ ಪಾಲಿಕೂ ಕ್ಯಾಬಿನ್. ಪಾಲಿಕೂಗೆ ಸ್ಲೈಡಿಂಗ್ ಸ್ಯಾಂಡ್ಸ್ ಆರಂಭದಿಂದ 9.3 ಮೈಲಿ. ಅಲ್ಲಿಂದ ಹಲೆಮಾವೂ ದಾರಿಯ ಮೂಲಕ ಹೊರಬರಲು ಇನ್ನೂ 10 ಮೈಲಿಗೂ ಹೆಚ್ಚು. ಒಂದೇ ದಿನದ ಚಾರಣಿಗರು ದಿನ ಕಳೆದುಕೊಳ್ಳುವುದು ಇಂಥ ಕೂಡುದಾರಿಯಲ್ಲೇ. ದಾರಿ ಸಮತಟ್ಟಾಗಿರುತ್ತದೆ, ಇಳಿದ ಹುರುಪಿರುತ್ತದೆ, ಮಾತಾಡುತ್ತ ನೇರ ನಡೆದುಬಿಡುತ್ತಾರೆ. ನೀವು ಎಡಕ್ಕೆ, ಉತ್ತರ ದಿಕ್ಕಿಗೆ ತಿರುಗಿ ಬೂದಿಗುಡ್ಡಗಳ ನಡುವೆ ಹೋಗಬೇಕು. ಇಲ್ಲಿ ಸಣ್ಣಪುಟ್ಟ ಏರಿಳಿತಗಳಿವೆ. ಬಲಕ್ಕೋ ಎಡಕ್ಕೋ ಎಂಬ ಗೊಂದಲ ಹುಟ್ಟಿಸುವ ಕವಲುಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಫಲಕದ ಮುಂದೆಯೂ ನಿಂತು 'ಹೋಲುವಾ' (ನಿಮ್ಮ ದಾರಿಯಲ್ಲಿ ಮುಂದೆ ಸಿಗುವ ಕ್ಯಾಬಿನ್) ಎಂಬ ಹೆಸರು ಯಾವ ಬಾಣದ ಪಕ್ಕ ಇದೆ ಎಂದು ನೋಡಿ ಆ ಕಡೆ ಹೋಗಿ. ಕಣಿವೆಯ ಅತಿ ಎತ್ತರದ ಬೂದಿಗುಡ್ಡ ಪೂ ಒ ಮಾವಿ, ತಳದಿಂದ 180 ಮೀಟರಿಗೂ ಮಿಕ್ಕಿ ಎದ್ದದ್ದು, ಇದೇ ಭಾಗದಲ್ಲಿದೆ. ಪೆಲೆಯ (ಹವಾಯಿಯ ಜ್ವಾಲಾಮುಖಿ ದೇವತೆ) ಬಣ್ಣದ ಕುಡಿಕೆ ಎಂದು ಕರೆಯುವ ಕೆಂಪು, ಹಳದಿ, ಬೂದು ಬಣ್ಣದ ಇಳಿಜಾರೂ ಇಲ್ಲೇ. ಬೇಲಿ ಹಾಕಿದ ಕವಿಲಿನಾವು ಎಂಬ ಕಂದಕವೂ ಸಿಗುತ್ತದೆ. ಅದಕ್ಕೆ ತಳವೇ ಇಲ್ಲ ಎಂಬ ಮಾತು ಹಳೆಯದು. ಅಳತೆಗೆ ಸಿಕ್ಕ ಆಳ 65 ಅಡಿ.

ಮೊದಲ ಕೂಡುದಾರಿಯಿಂದ ಹೋಲುವಾ ಕ್ಯಾಬಿನ್‌ಗೆ ಸುಮಾರು 3.6 ಮೈಲಿ. ಅಲ್ಲಿ ಶೌಚಾಲಯವಿದೆ, ಕೂತು ಉಣ್ಣಲು ಹುಲ್ಲಿನ ಜಾಗವಿದೆ. ಅಲ್ಲಿಂದ ಒಂದು ಮೈಲಿಗೂ ಸ್ವಲ್ಪ ಹೆಚ್ಚು ಮೆಲ್ಲನೆ ಇಳಿದು ಗೋಡೆಯ ಬುಡ ಮುಟ್ಟುತ್ತೀರಿ. ಆಮೇಲೆ ಕಡಿದಾದ ಬಂಡೆಗೋಡೆಯಲ್ಲಿ ಕೊರೆದ ಅಂಕುಡೊಂಕು ದಾರಿ. ದಾರಿ ಚೆನ್ನಾಗಿಯೇ ಇದೆ, ಆದರೆ ಕೆಲವೆಡೆ ಒಂದು ಪಕ್ಕ ಪ್ರಪಾತ. ಅಂಚು ಹತ್ತಿದ ಮೇಲೂ ಪಾರ್ಕಿಂಗ್‌ಗೆ 1.1 ಮೈಲಿ ಉಳಿದಿರುತ್ತದೆ, ಅದೂ ನಿಧಾನದ ಏರೇ. ಅಂಚು ಬಂದೊಡನೆ ಮುಗಿಯಿತೆಂದು ಕೊನೆಯ ನೀರು ಕುಡಿದು ಮುಗಿಸಬೇಡಿ.

ಪ್ರಶ್ನೆ: ಸ್ಲೈಡಿಂಗ್ ಸ್ಯಾಂಡ್ಸ್‌ನಲ್ಲೇ ಇಳಿದು ಅದರಲ್ಲೇ ಹತ್ತಿ ಬಂದರೆ ಕಾರಿನ ತಾಪತ್ರಯವಿಲ್ಲವಲ್ಲ? (ಸ್ಯಾನ್ ಹೋಸೆ)

ಕಾರಿನ ತಾಪತ್ರಯವಿಲ್ಲ, ನಿಜ. ಶ್ವಾಸಕೋಶಕ್ಕೆ ತಾಪತ್ರಯ ಇದೆ. ತಳದ ಕೂಡುದಾರಿಯಿಂದ ಪಾರ್ಕಿಂಗ್‌ಗೆ ಮರಳಲು ಸುಮಾರು 700 ಮೀಟರ್ ಏರು, ಅದೂ ಹೆಜ್ಜೆಯಿಟ್ಟಲ್ಲಿ ಕುಸಿಯುವ ಸಿಂಡರ್ ಮೇಲೆ. ಏರಿದಷ್ಟೂ ಗಾಳಿ ತೆಳುವಾಗುತ್ತ 2,969 ಮೀಟರಿಗೆ ಬಂದು ಮುಗಿಯುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ. 70 ಮಾತ್ರ. ಹಲೆಮಾವೂ ದಾರಿಯಲ್ಲಿ ಏರು ಕಡಿಮೆ, ನೆಲ ಗಟ್ಟಿ, ಮುಗಿಯುವುದು 2,435 ಮೀಟರಿಗೆ. ದೂರ ಹೆಚ್ಚಿದ್ದರೂ ನಮ್ಮ ಮತ ಅದಕ್ಕೇ.

ಹೋಗಿ ಬರುವುದನ್ನೇ ಆರಿಸುವವರಿಗೆ ಲೆಕ್ಕ ಸರಳ: ಇಳಿದಷ್ಟು ಹೊತ್ತಿನ ಎರಡರಷ್ಟು ಏರಲು ಬೇಕು. ಆರು ಗಂಟೆಯ ಬಿಡುವಿದ್ದರೆ ಎರಡು ಗಂಟೆ ಇಳಿದ ಕೂಡಲೇ ತಿರುಗಿ. ಎಲ್ಲಿಗೆ ತಲುಪಿದ್ದೀರಿ ಎಂಬುದು ಮುಖ್ಯವಲ್ಲ, ಗಡಿಯಾರ ಮುಖ್ಯ. "ಇನ್ನೊಂದು ಗುಡ್ಡ ನೋಡಿ ಬರೋಣ" ಎನ್ನುವ ಹದಿನೈದು ನಿಮಿಷಕ್ಕೆ ವಾಪಸಾಗುವಾಗ ಅರ್ಧ ಗಂಟೆ ತೆರಬೇಕು. ಅರ್ಧ ದಿನ ಸಾಕೆನ್ನುವವರಿಗೆ ಕಾ ಲುಉ ಒ ಕಾ ಓಓ ಅಂಚು ಒಳ್ಳೆಯ ಗುರಿ. ಹೋಗಿ ಬರಲು 8 ಕಿಲೋಮೀಟರ್, ವಾಪಸು ಏರು ಸುಮಾರು 430 ಮೀಟರ್.

ಪ್ರಶ್ನೆ: ಇರುವುದು ಒಂದೇ ಬಾಡಿಗೆ ಕಾರು. ಒಂದು ಕಡೆ ಶುರು, ಇನ್ನೊಂದು ಕಡೆ ಮುಗಿತಾಯ. ಏನು ಮಾಡುವುದು? (ಸನಿವೇಲ್)

ಕಾರನ್ನು ಮುಗಿಯುವ ಕಡೆ, ಹಲೆಮಾವೂ ಪಾರ್ಕಿಂಗ್‌ನಲ್ಲಿ ಬಿಡಿ. ಅಲ್ಲೇ ರಸ್ತೆಯ ಆಚೆ ಬದಿ, ಮೇಲಕ್ಕೆ ಹೋಗುವ ವಾಹನಗಳು ನಿಲ್ಲಲು ಹಲೆಯಾಕಲಾ ರಾಷ್ಟ್ರೀಯ ಪಾರ್ಕಿನವರೇ 'ಹೈಕರ್ ಪಿಕಪ್' ಜಾಗ ಮಾಡಿದ್ದಾರೆ. ಅಲ್ಲಿ ಕೈ ತೋರಿಸಿ ತುದಿಗೆ ಹೋಗುವ ಕಾರು ಹತ್ತಬಹುದು. ಸುಮಾರು 6 ಮೈಲಿಯ ದಾರಿ. ಮೂವರು ನಾಲ್ವರು ಒಟ್ಟಿಗೆ ನಿಂತರೆ ಕಾರು ನಿಲ್ಲುವುದು ಕಷ್ಟ, ಇಬ್ಬಿಬ್ಬರಾಗಿ ನಿಲ್ಲಿ. ದೊಡ್ಡ ಗುಂಪಾದರೆ ಬೇರೆ ಉಪಾಯ: ಚಾಲಕ ಎಲ್ಲರನ್ನೂ ಸಾಮಾನಿನೊಂದಿಗೆ ತುದಿಯಲ್ಲಿ ಇಳಿಸಿ, ಹಲೆಮಾವೂಗೆ ಮರಳಿ ಕಾರು ಬಿಟ್ಟು, ಒಬ್ಬರೇ ಕೈ ತೋರಿಸಿ ಮೇಲೆ ಬರುವುದು.

ಇದನ್ನು ತಿರುವುಮುರುವು ಮಾಡಿ ಕಾರನ್ನು ತುದಿಯಲ್ಲಿ ಬಿಡುವವರಿದ್ದಾರೆ. ಸಂಜೆ ಕಾಲು ಸೋತು, ಮಂಜು ಕವಿದು, ವಾಹನ ಕಡಿಮೆಯಾದ ಹೊತ್ತಿನಲ್ಲಿ ಅಪರಿಚಿತರ ಕಾರಿಗೆ ಕಾಯುವ ಪಾಡು ಬೇಡ. ಬೆಳಗ್ಗೆ ಕಾಯುವುದೇ ಮೇಲು. ಇನ್ನೊಂದು ಮಾತು: ಕಾರಿನ ಕೀಲಿ ಯಾರ ಚೀಲದಲ್ಲಿದೆ ಎಂದು ಇಳಿಯುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಸೂರ್ಯೋದಯ ನೋಡಿ ಅಲ್ಲಿಂದಲೇ ಇಳಿದುಬಿಡಬಹುದೇ? ಟಿಕೆಟ್ ಲೆಕ್ಕ ಏನು? (ಮೈಸೂರು)

ಬೆಳಗಿನ ಜಾವ 3ರಿಂದ 7ರ ನಡುವೆ ತುದಿಯ ಭಾಗಕ್ಕೆ ಹೋಗುವ ಪ್ರತಿ ವಾಹನಕ್ಕೂ ಮುಂಗಡ ಕಾಯ್ದಿರಿಸುವಿಕೆ ಬೇಕು. ಅದಕ್ಕೆ 1 ಡಾಲರ್. 60 ದಿನ ಮುಂಚಿತವಾಗಿ ಸರ್ಕಾರಿ ಜಾಲತಾಣದಲ್ಲಿ ಬಿಡುಗಡೆಯಾಗುತ್ತದೆ, ಇನ್ನಷ್ಟು ಜಾಗ ಎರಡು ದಿನ ಮೊದಲು. ಪ್ರವೇಶ ಶುಲ್ಕ ಬೇರೆ: ಒಂದು ಕಾರಿಗೆ 30 ಡಾಲರ್, ಮೂರು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇಟ್ಟುಕೊಳ್ಳಿ.

ಸೂರ್ಯೋದಯ ಮತ್ತು ಪೂರ್ತಿ ಚಾರಣ ಎರಡನ್ನೂ ಒಂದೇ ದಿನಕ್ಕೆ ಕಟ್ಟಬೇಡಿ ಎನ್ನುವುದು ನಮ್ಮ ಸಲಹೆ. ಕರಾವಳಿಯ ಹೋಟೆಲಿನಿಂದ ಬರುವವರು ರಾತ್ರಿ ಎರಡೂವರೆಗೇ ಏಳಬೇಕು, ಕೊರೆಯುವ ಗಾಳಿಯಲ್ಲಿ ಒಂದು ಗಂಟೆ ನಿಲ್ಲಬೇಕು. ಆಮೇಲೆ 18 ಕಿಲೋಮೀಟರ್. ಮಧ್ಯಾಹ್ನ ಮೂರಕ್ಕೆ ಬಂಡೆಗೋಡೆಯ ಬುಡದಲ್ಲಿ ನಿಂತಾಗ ಆ ನಿದ್ದೆ ನೆನಪಾಗುತ್ತದೆ. 7 ಗಂಟೆಗೆ ಗೇಟು ದಾಟಿದರೆ ಕಾಯ್ದಿರಿಸುವ ಗೊಡವೆಯೇ ಇಲ್ಲ, ಎಂಟೂವರೆಯೊಳಗೆ ಇಳಿಯಲು ಶುರು ಮಾಡಬಹುದು. ಹನ್ನೊಂದರ ಒಳಗೆ ತಳ, ಒಂದೂವರೆಗೆ ಹೋಲುವಾ, ಎರಡೂವರೆ ಮೂರಕ್ಕೆ ಗೋಡೆಯ ಬುಡ, ಐದರ ಆಸುಪಾಸು ಕಾರು. ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳರ ನಂತರ. ಚಳಿಗಾಲದಲ್ಲಿ ಹತ್ತು ಗಂಟೆಯ ಮೇಲೆ ಹೊರಡುವ ಹಾಗಾದರೆ ದಾಟುವ ಯೋಚನೆ ಬಿಟ್ಟು ಅರ್ಧ ದಿನದ ದಾರಿ ಹಿಡಿಯಿರಿ. ಯಾವ ಕಾಲವಾದರೂ ಒಬ್ಬೊಬ್ಬರಿಗೂ ಒಂದು ತಲೆದೀಪ ಇರಲಿ. ಮೊಬೈಲ್ ಬೆಳಕು ಕೈಯನ್ನೂ ಬ್ಯಾಟರಿಯನ್ನೂ ತಿನ್ನುತ್ತದೆ.

ಪ್ರಶ್ನೆ: ಹವಾಯಿ ಎಂದರೆ ಬೆಚ್ಚಗಿನ ಊರು. ಜಾಕೆಟ್ ಯಾಕೆ? (ಹುಬ್ಬಳ್ಳಿ)

ಕಡಲತೀರ ಬೆಚ್ಚಗಿರುತ್ತದೆ. ಪ್ರತಿ 300 ಮೀಟರ್ ಏರಿದಂತೆ ಸುಮಾರು 1.7 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತುದಿಯಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ 18 ಡಿಗ್ರಿ. ಗಾಳಿ ಬೀಸಿದರೆ ವರ್ಷದ ಯಾವ ತಿಂಗಳಲ್ಲೂ ಮೈಗೆ ಸೊನ್ನೆಗಿಂತ ಕೆಳಗೆ ಅನ್ನಿಸಬಹುದು. ಬೇಕಾದದ್ದು ದಪ್ಪ ಸ್ವೆಟರ್ ಒಂದಲ್ಲ, ತೆಗೆದು ಹಾಕಬಹುದಾದ ಪದರಗಳು: ಬೆವರು ಹೊರಬಿಡುವ ಸಿಂಥೆಟಿಕ್ ಅಥವಾ ಉಣ್ಣೆಯ ತೆಳು ಅಂಗಿ, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಮಳೆ ಮತ್ತು ಗಾಳಿ ತಡೆಯುವ ಜಾಕೆಟ್. ಜೀನ್ಸ್ ಮತ್ತು ಹತ್ತಿಯ ಟೀ ಶರ್ಟ್ ಬೇಡವೇ ಬೇಡ. ನೆನೆದ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತದೆ.

ನೆನೆಯುವುದು ಎಲ್ಲಿ ಎಂದು ಕೇಳಬಹುದು. ಬೆಳಗ್ಗೆ ಮರಳುಗಾಡಿನಂತಿರುವ ಕಣಿವೆಗೆ ಮಧ್ಯಾಹ್ನ ಈಶಾನ್ಯದ ವಾಣಿಜ್ಯ ಮಾರುತಗಳು ಮೋಡ ತಳ್ಳಿಕೊಂಡು ಬರುತ್ತವೆ. ಉತ್ತರದ ಗೋಡೆಯಲ್ಲಿ ಕೊಓಲಾವು ಗ್ಯಾಪ್ ಎಂಬ ದೊಡ್ಡ ಕಿಂಡಿಯಿದೆ. ಮೋಡ ಒಳನುಗ್ಗುವುದು ಅಲ್ಲಿಂದ. ಹೋಲುವಾ ಮತ್ತು ಹಲೆಮಾವೂ ಏರು ಇರುವುದು ಆ ಕಿಂಡಿಯ ಬಾಯಲ್ಲೇ. ಹೀಗಾಗಿ ಬೆವರಿದ ಮೈ, ಸೋತ ಕಾಲು, ತುಂತುರು, ಗಾಳಿ ಎಲ್ಲ ಒಟ್ಟಿಗೆ ಸೇರುವುದು ದಿನದ ಕೊನೆಯ ಎರಡು ಗಂಟೆಯಲ್ಲಿ. ಒಣ ಅಂಗಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡು ಗೋಡೆಯ ಬುಡದಲ್ಲಿ ಬದಲಿಸಿಕೊಳ್ಳುವುದು ಒಳ್ಳೆಯದು. ಮೋಡದೊಳಗೆ ದಾರಿ ಕಾಣದಿದ್ದರೆ ಕುಳಿತುಬಿಡಿ. ಅಂದಾಜಿನಲ್ಲಿ ಕಾಲು ಹಾಕಬೇಡಿ.

ಬಿಸಿಲಿನ ಮಾತು ಇದಕ್ಕಿಂತ ಮುಖ್ಯ. ಅಲ್ಲಿನ ತಂಪು ಮೋಸದ್ದು. ಉಷ್ಣವಲಯದ ಸೂರ್ಯ, ಮೂರು ಸಾವಿರ ಮೀಟರ್ ಎತ್ತರದ ತೆಳು ಗಾಳಿ, ಒಂದೇ ಒಂದು ಮರದ ನೆರಳಿಲ್ಲದ ಹತ್ತು ಮೈಲಿ. "ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ" ಎಂಬ ಮಾತು ಈ ಕಣಿವೆಯಲ್ಲಿ ನಡೆಯುವುದಿಲ್ಲ. ಕಿವಿಯ ತುದಿ, ಕತ್ತಿನ ಹಿಂಭಾಗ, ತುಟಿ ಮೊದಲು ಸುಡುತ್ತವೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಗಲ್ಲಕ್ಕೆ ದಾರ ಕಟ್ಟುವ ಅಗಲ ಟೋಪಿ ಇರಲಿ, ಇಲ್ಲದಿದ್ದರೆ ಗಾಳಿ ಅದನ್ನು ಕಣಿವೆಗೆ ಕೊಡುತ್ತದೆ.

ಪ್ರಶ್ನೆ: ನೀರು ಎಷ್ಟು ಹೊರಬೇಕು? ಕ್ಯಾಬಿನ್‌ಗಳಲ್ಲಿ ಸಿಗುವುದಿಲ್ಲವೇ? (ಫೀನಿಕ್ಸ್)

ಪೂರ್ತಿ ದಾಟುವುದಕ್ಕೆ ಒಬ್ಬೊಬ್ಬರಿಗೆ 3 ಲೀಟರ್ ಕನಿಷ್ಠ, ಮೋಡವಿಲ್ಲದ ದಿನ 4. ಕ್ಯಾಬಿನ್‌ಗಳ ಬಳಿಯ ನಲ್ಲಿ ನೀರು ಕುಡಿಯಲು ಯೋಗ್ಯವಾದದ್ದಲ್ಲ, ಸೋಸಬೇಕು ಅಥವಾ ಕುದಿಸಬೇಕು. ಬರಗಾಲದಲ್ಲಿ ಅದೂ ನಿಲ್ಲಬಹುದು. ಒಂದು ಫಿಲ್ಟರ್ ಚೀಲದಲ್ಲಿರಲಿ, ಆದರೆ ಅದನ್ನು ನಂಬಿ ನೀರು ಕಡಿಮೆ ಹೊರಬೇಡಿ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ. ಬಾಯಾರುವವರೆಗೂ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಗೋಡೆಯ ಬುಡಕ್ಕೆ ಬಂದಾಗ ಒಂದು ಲೀಟರ್ ಉಳಿದಿರಬೇಕು. ಬರೀ ನೀರಿನಿಂದ ಆಗದು, ಉಪ್ಪೂ ಬೇಕು. ಓಆರ್‌ಎಸ್ ಪೊಟ್ಟಣ, ಉಪ್ಪು ಹಚ್ಚಿದ ಕಡಲೆಕಾಯಿ ಬೀಜ, ಉಪ್ಪಿನಕಾಯಿ ಸವರಿದ ಚಪಾತಿ ಎಲ್ಲವೂ ಆ ಕೆಲಸ ಮಾಡುತ್ತವೆ.

ಪ್ರಶ್ನೆ: ಊಟದ ವ್ಯವಸ್ಥೆ? ನಾವು ಶುದ್ಧ ಸಸ್ಯಾಹಾರಿಗಳು. (ದಾವಣಗೆರೆ)

ಪಾರ್ಕಿನೊಳಗೆ ಊಟವೂ ಇಲ್ಲ, ಪೆಟ್ರೋಲೂ ಇಲ್ಲ. ಮೇಲೆ ಹೋಗುವ ದಾರಿಯಲ್ಲಿ ಪೆಟ್ರೋಲ್ ಸಿಗುವ ಕೊನೆಯ ಊರು ಪುಕಲಾನಿ. ಚಪಾತಿಗೆ ಚಟ್ನಿಪುಡಿ, ಪುಳಿಯೋಗರೆ, ಹುರಿದ ಅವಲಕ್ಕಿ ಚೆನ್ನಾಗಿ ತಡೆದುಕೊಳ್ಳುತ್ತವೆ. ಎತ್ತರದಲ್ಲಿ ಕೆಲವರಿಗೆ ಹಸಿವು ಸತ್ತುಹೋಗುತ್ತದೆ, ಅಂಥವರಿಗೆ ಒಂದೇ ಸಲ ಬುತ್ತಿ ಬಿಚ್ಚುವುದಕ್ಕಿಂತ ಗಂಟೆಗೊಮ್ಮೆ ಎರಡು ತುತ್ತು ಇಳಿಯುತ್ತದೆ. ಕಿತ್ತಳೆ ಸಿಪ್ಪೆ, ಬಾಳೆ ಸಿಪ್ಪೆ ಸೇರಿದಂತೆ ಎಲ್ಲವನ್ನೂ ವಾಪಸು ಹೊತ್ತು ತರಬೇಕು. ಇನ್ನೊಂದು: ಅಮೆರಿಕದೊಳಗಿನ ವಿಮಾನದಲ್ಲೇ ಬಂದರೂ ಹವಾಯಿಗೆ ತಾಜಾ ಹಣ್ಣು, ತರಕಾರಿ, ಗಿಡಮೂಲದ ವಸ್ತು ತರುವವರು ಕೃಷಿ ಘೋಷಣೆಯಲ್ಲಿ ತಿಳಿಸಬೇಕು. ಕರಿಬೇವಿನ ಕಟ್ಟನ್ನು ಮನೆಯಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ತುದಿಯಲ್ಲಿ ಕಾರಿನಿಂದ ಇಳಿದ ಕೂಡಲೇ ತಲೆ ಸುತ್ತಿದಂತಾಯಿತು ಎಂದು ಹೋಗಿಬಂದವರು ಹೇಳುತ್ತಾರೆ. ಇಳಿದರೆ ಸರಿಹೋಗುತ್ತದಲ್ಲ? (ಆಸ್ಟಿನ್)

ಸಮುದ್ರಮಟ್ಟದಿಂದ ಎರಡು ಗಂಟೆಯೊಳಗೆ ಮೂರು ಸಾವಿರ ಮೀಟರಿಗೆ ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ಎರಡು ಮೆಟ್ಟಿಲಿಗೇ ಏದುಸಿರು ಎಲ್ಲ ಅದರ ಗುರುತು. ಎತ್ತರದ ಕಾಯಿಲೆಗೆ ಇಳಿಯುವುದೇ ಮದ್ದು ಎಂಬುದು ಸರಿ. ಆದರೆ ಕಣಿವೆಗೆ ಇಳಿಯುವುದು ಆ ಮದ್ದಲ್ಲ. ಐನೂರು ಮೀಟರ್ ಇಳಿದಾಗ ತಲೆನೋವು ಕಡಿಮೆಯಾಗಿ ಧೈರ್ಯ ಬರುತ್ತದೆ, ಮುಂದೆ ಹೋಗುತ್ತೀರಿ. ಹೊರಬರಲು ಮತ್ತೆ ಹತ್ತಲೇಬೇಕು. ತುದಿಯಲ್ಲಿ ವಾಕರಿಕೆ ಬಂದರೆ ಕಾರಿನಲ್ಲಿ ಕೆಳಗೆ ಹೋಗಿ, ಆ ದಿನದ ಚಾರಣ ಬಿಡಿ. ಮುನ್ನೆಚ್ಚರಿಕೆಗೆ 7,000 ಅಡಿಯಲ್ಲಿರುವ ಪಾರ್ಕ್ ಕಚೇರಿಯ ಬಳಿ ಅರ್ಧ ಗಂಟೆ ನಿಂತು ಅಡ್ಡಾಡಿ. ಅಲ್ಲೇ ನೀರು ತುಂಬಿಸಿಕೊಳ್ಳಿ, ಹವಾಮಾನ ಫಲಕವನ್ನೂ ನೋಡಿ.

ಹೃದಯ ಅಥವಾ ಶ್ವಾಸದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ತುದಿಗೂ ಹೋಗಬಾರದು. ಮಾವಿಯಲ್ಲಿ ಸ್ಕೂಬಾ ಮಾಡುವವರು ಬಹಳ. ಸ್ಕೂಬಾ ಮುಗಿಸಿ 24 ಗಂಟೆಯೊಳಗೆ ಈ ಬೆಟ್ಟದ ರಸ್ತೆ ಹತ್ತಬೇಡಿ. ರಕ್ತದಲ್ಲಿ ಕರಗಿದ ಸಾರಜನಕ ಒತ್ತಡ ಇಳಿದಾಗ ಗುಳ್ಳೆಯಾಗುತ್ತದೆ. ವಿಮಾನಕ್ಕಿರುವ ನಿಯಮವೇ ಇದಕ್ಕೂ.

ಪ್ರಶ್ನೆ: ಪಾದರಕ್ಷೆ ಯಾವುದು? ಓಟದ ಶೂ ಸಾಕೇ? (ಶಿವಮೊಗ್ಗ)

ತಳ ಗಟ್ಟಿಯಿದ್ದರೆ ಸಾಕು. ತೊಂದರೆ ಸಿಂಡರ್‌ನದ್ದು. ಗಾಜಿನ ಚೂರಿನಷ್ಟು ಹರಿತವಾದ ಪುಡಿ ಜಾಲರಿ ಬಟ್ಟೆಯ ಶೂ ಒಳಗೆ ಸೇರಿ, ಕಾಲುಚೀಲ ಉಜ್ಜಿ, ಬೊಬ್ಬೆ ಎಬ್ಬಿಸುತ್ತದೆ. ಹರಡು ಮುಚ್ಚುವ ಬೂಟು, ಅಥವಾ ಶೂ ಬಾಯಿಗೆ ಪುಡಿ ತಡೆಯುವ ಬಟ್ಟೆಯ ಹೊದಿಕೆ (ಗೇಟರ್) ಇರಲಿ. ಉಗುರು ಕತ್ತರಿಸಿಕೊಂಡು ಹೋಗಿ: ಆರು ಕಿಲೋಮೀಟರ್ ಇಳಿಜಾರಿನಲ್ಲಿ ಹೆಬ್ಬೆರಳು ಶೂ ಮೂತಿಗೆ ಗುದ್ದುತ್ತಲೇ ಇರುತ್ತದೆ. ಮಂಡಿ ನೋವಿನವರು ಎರಡು ಊರುಗೋಲು ತರಲಿ. ಹೊಸ ಬೂಟನ್ನು ಈ ದಾರಿಯಲ್ಲಿ ಉದ್ಘಾಟಿಸಬೇಡಿ.

ಪ್ರಶ್ನೆ: ನಮ್ಮ ಕಡೆಯ ಕರಿ ಬಂಡೆಯೂ ಲಾವಾ ಎನ್ನುತ್ತಾರೆ. ಹಲೆಯಾಕಲಾದ ಕುಳಿ ಹೇಗೆ ಆಯಿತು? ಮತ್ತೆ ಸಿಡಿಯುತ್ತದೆಯೇ? (ಕಲಬುರಗಿ)

ಎರಡೂ ಬಸಾಲ್ಟ್ ಜಾತಿಯ ಕಲ್ಲೇ. ನಿಮ್ಮ ಕಡೆಯದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾ. ಅಷ್ಟು ಕಾಲ ಮಳೆ ಬಿಸಿಲಿಗೆ ಸವೆದು ಎರೆಮಣ್ಣಾಗಿ ಜೋಳ, ತೊಗರಿ ಬೆಳೆಯುತ್ತಿದೆ. ಹಲೆಯಾಕಲಾ ತೀರ ಎಳೆಯದು, ಮಣ್ಣಾಗುವುದು ಇನ್ನೂ ದೂರ.

ಎಲ್ಲರೂ 'ಕ್ರೇಟರ್' ಎನ್ನುವ ಈ ತಗ್ಗು ಜ್ವಾಲಾಮುಖಿಯ ಬಾಯಲ್ಲ, ಕುಸಿತದಿಂದ ಆದ ಕುಳಿಯೂ ಅಲ್ಲ. ಇದು ನೀರು ಕೊರೆದ ಕಣಿವೆ. ಬೆಟ್ಟದ ಎರಡು ಪಕ್ಕಗಳಲ್ಲಿ ಹರಿಯುತ್ತಿದ್ದ ತೊರೆಗಳು ತಲೆಯ ಕಡೆಗೆ ಕೊರೆಯುತ್ತ ಕೊರೆಯುತ್ತ ತುದಿಯ ಬಳಿ ಒಂದನ್ನೊಂದು ಮುಟ್ಟಿದವು, ನಡುವಿನ ದಿಬ್ಬ ಕರಗಿತು. ಆ ಎರಡು ಕಣಿವೆಗಳ ಬಾಯಿಗಳೇ ಇವತ್ತಿನ ಕೊಓಲಾವು ಮತ್ತು ಕೌಪೋ ಗ್ಯಾಪ್‌ಗಳು. ಆಮೇಲೆ ಬೆಂಕಿ ಮತ್ತೆ ಎದ್ದು, ತಳದಲ್ಲಿ ಬೂದಿಗುಡ್ಡಗಳನ್ನು ಎಬ್ಬಿಸಿ, ಲಾವಾವನ್ನು ಆ ಬಾಯಿಗಳ ಮೂಲಕ ಕಡಲ ಕಡೆಗೆ ಹರಿಸಿತು. ಕೆಂಪು ಬಣ್ಣ ಕಬ್ಬಿಣದ್ದು, ಬಿಸಿಯಾಗಿದ್ದಾಗಲೇ ಗಾಳಿ, ಹಬೆಗಳೊಂದಿಗೆ ಸೇರಿ ತುಕ್ಕಾದದ್ದು.

ಕಳೆದ ಸಾವಿರ ವರ್ಷಗಳಲ್ಲಿ ಕನಿಷ್ಠ ಹತ್ತು ಬಾರಿ ಸಿಡಿದಿದೆ. ಕೊನೆಯದು 1790ರ ಸುಮಾರಿನಲ್ಲಿ ಎಂದು ಹಿಂದೆ ಬರೆಯುತ್ತಿದ್ದರು. ಈಗಿನ ಕಾಲಮಾಪನ ಅದನ್ನು 1480 ಮತ್ತು 1600ರ ನಡುವೆ ಇಡುತ್ತದೆ. ಮುಂದೆಯೂ ಸಿಡಿಯಬಹುದಾದದ್ದೇ. ಹವಾಯಿ ಜ್ವಾಲಾಮುಖಿ ವೀಕ್ಷಣಾಲಯ ಉಪಕರಣಗಳಿಟ್ಟು ನಿಗಾ ಇಟ್ಟಿದೆ. ಒಂದು ದಿನದ ಚಾರಣಿಗರು ಹೆದರಬೇಕಾದದ್ದು ಲಾವಾಕ್ಕಲ್ಲ, ತಡವಾಗಿ ಹೊರಡುವುದಕ್ಕೆ.

ಪ್ರಶ್ನೆ: ದಾರಿ ಬಿಟ್ಟು ನಾಲ್ಕು ಹೆಜ್ಜೆ ಹೋಗಿ ಫೋಟೊ ತೆಗೆದರೆ ಏನಾಗುತ್ತದೆ? ಅಲ್ಲಿ ಬರೀ ಬೂದಿ ತಾನೇ? (ಬೆಂಗಳೂರು)

ಬರೀ ಬೂದಿಯಲ್ಲ. ಬೆಳ್ಳಿ ಬಣ್ಣದ ಮೊನಚಾದ ಎಲೆಗಳ ಗೊಂಚಲು ಅಲ್ಲಲ್ಲಿ ಕಾಣುತ್ತದೆ. ಅದು ಸಿಲ್ವರ್‌ಸ್ವೋರ್ಡ್, ಹವಾಯಿ ಹೆಸರು ಆಹಿನಾಹಿನಾ. ಈ ಉಪಜಾತಿ ಈ ಬೆಟ್ಟ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ದಶಕಗಟ್ಟಲೆ ಬದುಕಿ, ಒಮ್ಮೆ ಮಾತ್ರ ಆಳೆತ್ತರದ ಹೂಗೊನೆ ಬಿಟ್ಟು ಸಾಯುತ್ತದೆ. ಬೇರು ಸಿಂಡರ್‌ನ ಮೇಲ್ಪದರದಲ್ಲೇ ಹರಡಿರುವುದರಿಂದ ಗಿಡದಿಂದ ಒಂದು ಮಾರು ದೂರ ಕಾಲಿಟ್ಟರೂ ಬೇರು ಜಜ್ಜಿಹೋಗುತ್ತದೆ. 1920ರ ದಶಕದ ಹೊತ್ತಿಗೆ ಆಡುಗಳ ಮೇವಾಗಿ, ಪ್ರವಾಸಿಗರು ಕಿತ್ತೊಯ್ಯುವ ನೆನಪಿನ ಕಾಣಿಕೆಯಾಗಿ ಬಹುಪಾಲು ಅಳಿದುಹೋಗಿತ್ತು. ರಕ್ಷಣೆಯಿಂದ ಚೇತರಿಸಿಕೊಂಡು, ಈಗ ಬಿಸಿಲು ಬರದಿಂದ ಮತ್ತೆ ಕುಗ್ಗುತ್ತಿದೆ.

ನೇನೇ ಎಂಬ ಹೆಬ್ಬಾತನ್ನೂ ನೋಡಬಹುದು. ಮಾವಿಯಲ್ಲಿ ಪೂರ್ತಿ ಅಳಿದಿದ್ದ ಈ ಹಕ್ಕಿಯನ್ನು 1962ರಲ್ಲಿ ಬಾಯ್ ಸ್ಕೌಟ್ ಹುಡುಗರು ಬೆನ್ನ ಚೀಲದಲ್ಲಿ ಹೊತ್ತು ಇದೇ ಕಣಿವೆಗೆ ತಂದರು. ಹತ್ತಿರ ಬಂದು ನಿಲ್ಲುತ್ತದೆ, ಏನೂ ತಿನ್ನಿಸಬೇಡಿ. ತಿಂಡಿ ರುಚಿ ಹತ್ತಿದ ಹಕ್ಕಿ ರಸ್ತೆಗೆ ಬಂದು ಕಾರಿನಡಿ ಸಾಯುತ್ತದೆ.

ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟುವ ಹರಕೆ ನಮ್ಮ ಬೆಟ್ಟದ ದೇವಸ್ಥಾನಗಳಲ್ಲಿದೆ. ಇಲ್ಲಿ ಅದು ಬೇಡ. ಹವಾಯಿ ಮೂಲನಿವಾಸಿಗಳಿಗೆ ಇದು ಪವಿತ್ರ ಭೂಮಿ, ಅವರು ಕಟ್ಟಿದ ಕಲ್ಲಿನ ರಚನೆಗಳು ಕಣಿವೆಯಲ್ಲಿವೆ. ನಿಮ್ಮ ಗುಡ್ಡೆ ಅವುಗಳ ನಡುವೆ ಸುಳ್ಳು ಸಾಕ್ಷಿಯಾಗುತ್ತದೆ, ಮಂಜಿನಲ್ಲಿ ಬರುವವರಿಗೆ ತಪ್ಪು ದಾರಿಯನ್ನೂ ತೋರಿಸುತ್ತದೆ. ಡ್ರೋನ್ ನಿಷಿದ್ಧ. ಬ್ಲೂಟೂತ್ ಸ್ಪೀಕರ್ ಕೂಡ ದಯವಿಟ್ಟು ಬೇಡ. ಗಾಳಿ ನಿಂತಾಗ ಇದು ಭೂಮಿಯ ಮೇಲಿನ ಅತಿ ನಿಶ್ಶಬ್ದ ಜಾಗಗಳಲ್ಲಿ ಒಂದು.

ಪ್ರಶ್ನೆ: ಅಪ್ಪ ಅಮ್ಮ ಊರಿನಿಂದ ಬಂದಿದ್ದಾರೆ, ಇಬ್ಬರಿಗೂ 65 ದಾಟಿದೆ. ಅವರೂ ಸ್ವಲ್ಪ ನಡೆಯಬಹುದಾದ ಜಾಗ? (ಸ್ಯಾನ್ ರಮೋನ್)

ಹಲೆಮಾವೂ ಪಾರ್ಕಿಂಗ್‌ನಿಂದ ಕಣಿವೆಯ ಅಂಚಿನವರೆಗಿನ 1.1 ಮೈಲಿ. ಪೊದೆಗಳ ನಡುವಿನ ದಾರಿ, ಹೋಗಿ ಬರಲು ಒಂದೂವರೆ ಎರಡು ಗಂಟೆ, ಎತ್ತರವೂ ತುದಿಗಿಂತ ಐನೂರು ಮೀಟರ್ ಕಡಿಮೆ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಮೋಡ ಬಿಟ್ಟು ಬೇರೇನೂ ಕಾಣದಿರಬಹುದು. ಮಂಡಿ ಗಟ್ಟಿಯಿಲ್ಲದವರು ತುದಿಯ ಸಂದರ್ಶಕರ ಕೇಂದ್ರದ ಕಿಟಕಿಯಿಂದಲೇ ಪೂರ್ತಿ ಕಣಿವೆ ನೋಡಬಹುದು. ಯಾರನ್ನೂ "ಸ್ವಲ್ಪ ದೂರ ಅಷ್ಟೆ" ಎಂದು ಸ್ಲೈಡಿಂಗ್ ಸ್ಯಾಂಡ್ಸ್‌ನಲ್ಲಿ ಇಳಿಸಬೇಡಿ.

ಪ್ರಶ್ನೆ: ಒಳಗೆ ಯಾರಿಗಾದರೂ ಕಾಲು ಉಳುಕಿದರೆ? (ಸಿಯಾಟಲ್)

ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಮೂವರಿದ್ದರೆ ಒಬ್ಬರು ಜೊತೆಗಿದ್ದು ಇನ್ನೊಬ್ಬರು ಹೊರಗೆ ಹೋಗಿ ತಿಳಿಸಬೇಕು. ರೇಂಜರ್‌ಗಳು ನಡೆದೇ ಬರುತ್ತಾರೆ. ಹೆಲಿಕಾಪ್ಟರ್ ಬರುವುದು ಮೋಡ ಬಿಟ್ಟರೆ ಮಾತ್ರ. ಆದ್ದರಿಂದ ಉಳುಕಿದವರು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ಕೂರಬೇಕಾದೀತು. ಅಂಗೈಯಷ್ಟಕ್ಕೆ ಮಡಚುವ ತುರ್ತು ಹೊದಿಕೆ, ಕ್ರೇಪ್ ಬ್ಯಾಂಡೇಜ್, ಸೀಟಿ ಗುಂಪಿಗೊಂದಾದರೂ ಇರಲಿ. ಹೊರಡುವ ಮುಂಚೆ ಯಾವ ದಾರಿಯಲ್ಲಿ ಇಳಿದು ಎಲ್ಲಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂದು ಕೆಳಗಿರುವ ಒಬ್ಬರಿಗೆ ಬರೆದು ಕಳಿಸಿ. ಗುಂಪಿನಲ್ಲಿ 12 ಜನಕ್ಕಿಂತ ಹೆಚ್ಚು ಇರುವಂತಿಲ್ಲ.

ಪ್ರಶ್ನೆ: ವಾಪಸು ಬರುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತದೆಯಂತೆ, ಹೌದೇ? (ಸ್ಯಾನ್ ಡಿಯಾಗೊ)

ಬರುತ್ತದೆ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ. ಹಲೆಮಾವೂ ಪಾರ್ಕಿಂಗ್‌ನಿಂದ ಕರಾವಳಿಯ ಕಹುಲುಯಿ ಊರಿನವರೆಗೆ 2,400 ಮೀಟರ್ ಇಳಿತ, ಹೇರ್‌ಪಿನ್ ತಿರುವುಗಳ ಸಾಲು. ಗೇರ್ ಲೀವರನ್ನು ಡಿ ಬದಲು ಎಲ್‌ಗೋ 2ಕ್ಕೋ ಹಾಕಿ ಎಂಜಿನ್‌ನಿಂದಲೇ ವೇಗ ಕಟ್ಟಿಹಾಕಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ, ನೀರು ಮಾತ್ರ ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಮುಸ್ಸಂಜೆಯಲ್ಲಿ ರಸ್ತೆಯ ಮೇಲೆ ದನ ನಿಂತಿರುವುದುಂಟು, ಅದು ನಮ್ಮ ರಾಜ್ಯ ಹೆದ್ದಾರಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ.